ನಮಗೂ ಬೇಕು ನಾಲ್ಕು ದಿನದ ರಜೆ

ಬೆಲೆ, ಕೂಲಿ, ಗೊಬ್ಬರ, ನೀರು, ಸಾಲ. ಇವುಗಳ ಬಗ್ಗೆ ನಾವು ರೈತರು ಬರೆದದ್ದೂ ಆಗಿದೆ, ಓದಿದ್ದೂ ಆಗಿದೆ. ರಜೆಯ ಬಗ್ಗೆ ಯಾರಾದರೂ ಬರೆದಿದ್ದಾರೆಯೇ? ನನಗೆ ನೆನಪಿಲ್ಲ. ರಜೆ ಅಂದ ಕೂಡಲೇ ನಮ್ಮವರಿಗೆ ನಗು ಬರುತ್ತದೆ. "ಒಕ್ಕಲಿಗಗ ಎಂಥಾ ರಜಾ ಬಿಡಪ್ಪ" ಅಂತ ಮಾತು ಮುಗಿಸಿಬಿಡುತ್ತಾರೆ. ಈ ಚಳಿಗಾಲ ನಾನು ಮನೆಮಂದಿಯನ್ನು ಕರೆದುಕೊಂಡು ನಾಲ್ಕು ದಿನ ಒಂದು ನಡುಗಡ್ಡೆಗೆ ಹೋಗಿ ಸುಮ್ಮನೆ ಕೂತು ಬರಬೇಕೆಂದು ತಯಾರಿ ನಡೆಸಿದ್ದೇನೆ. ಊರಲ್ಲಿ ಇದು ಗೊತ್ತಾದ ಮೇಲೆ ನಕ್ಕವರೇ ಹೆಚ್ಚು. ಆದ್ದರಿಂದ ನನ್ನ ವಾದವನ್ನು ಇಲ್ಲಿ ಮಂಡಿಸುತ್ತಿದ್ದೇನೆ. ತಪ್ಪು ಕಂಡರೆ ಬರೆದು ತಿಳಿಸಿ.

ನಮ್ಮದು ಹೊಸಪೇಟೆ ತಾಲೂಕಿನ ಮಲಪನಗುಡಿ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. 3 ಎಕರೆ ಕಾಲುವೆ ಭೂಮಿ. ಬಾಳೆ ಒಂದೂವರೆ ಎಕರೆ, ಕಬ್ಬು ಒಂದು, ಉಳಿದದ್ದು ಮನೆ ಊಟಕ್ಕೆ ಭತ್ತ. ಎರಡು ಆಕಳು. ನವೆಂಬರ್ ಬಂತೆಂದರೆ ಹಂಪಿ ನೋಡುವವರ ವಾಹನಗಳು ಈ ಭಾಗದ ರಸ್ತೆಗಳಲ್ಲಿ ಬಿಡುವಿಲ್ಲದೆ ಓಡಾಡುತ್ತವೆ. ಫೆಬ್ರವರಿ ಮುಗಿಯುವ ತನಕ ಇದೇ ಕತೆ. ಇವರೆಲ್ಲ ರಜೆ ಹಾಕಿ ಬಂದವರು. ಇವರಿಗೆ ರಜೆ ಇದ್ದ ತಿಂಗಳುಗಳಲ್ಲೇ ನಮಗೆ ಕಬ್ಬಿನ ಕಟಾವು, ಭತ್ತದ ಒಕ್ಕಣೆ, ರಾತ್ರಿ ನೀರಿನ ಪಾಳಿ.

ಹಾಗೆ ನೋಡಿದರೆ ಚಳಿಗಾಲದಲ್ಲಿ ಸದ್ದಿಲ್ಲದ ನಡುಗಡ್ಡೆಗೆ ಹೋಗಿ ಇರುವುದು ಅಂದರೆ ಏನು ಅನ್ನುವುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಎದುರಿಗೇ ನೋಡಿದ್ದೇವೆ. ಹಂಪಿಯ ವಿರೂಪಾಕ್ಷ ಗುಡಿಯ ಹತ್ತಿರ ಹೊಳೆ ದಾಟಿದರೆ ವಿರುಪಾಪುರ ಗಡ್ಡಿ. ಅದು ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕು. ತುಂಗಭದ್ರೆ ಕವಲೊಡೆದು ಸುತ್ತುವರಿದ ನೆಲ. ಬಂಡೆ, ಭತ್ತದ ಗದ್ದೆ, ಅಲ್ಲಲ್ಲಿ ತೆಂಗು. ವರ್ಷಾನುಗಟ್ಟಲೆ ಪರದೇಶದ ಹುಡುಗ ಹುಡುಗಿಯರು ಚಳಿಗಾಲದಲ್ಲಿ ಅಲ್ಲಿಗೆ ಬಂದು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಇರುತ್ತಿದ್ದರು. ಇಸ್ರೇಲಿನವರೇ ಬಹಳ, ಅವರ ದೇಶದಲ್ಲಿ ಕಡ್ಡಾಯ ಮಿಲಿಟರಿ ಸೇವೆ ಮುಗಿಸಿ ದಣಿವಾರಿಸಿಕೊಳ್ಳಲು ಬರುವವರು. ಗದ್ದೆಯ ಅಂಚಿನಲ್ಲಿ ಹುಲ್ಲುಮಾಡಿನ ಗುಡಿಸಲು, ಅದರ ಮುಂದೆ ಹಗ್ಗದ ಜೋಲಿ. ಆ ಜೋಲಿಯಲ್ಲಿ ಮಲಗಿ ಅವರು ಏನು ನೋಡುತ್ತಿದ್ದರು ಅಂತೀರಿ? ಭತ್ತದ ಗದ್ದೆಯನ್ನು. ಅದರಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರನ್ನು. ನಮ್ಮ ದುಡಿಮೆ ಅವರ ಕಣ್ಣಿಗೆ ತಂಪು! ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಗದ್ದೆಯ ಬದಿಯಲ್ಲಿ ಸುಮ್ಮನೆ ಕೂತರೆ ಮನಸ್ಸು ಹಗುರಾಗುತ್ತದೆ ಅನ್ನುವುದನ್ನು ಸಾವಿರಾರು ಮೈಲಿ ದೂರದಿಂದ ಬಂದವರು ಕಂಡುಕೊಂಡರು. ಗದ್ದೆಯ ಒಡೆಯನಿಗೆ ಮಾತ್ರ ಕೂರಲು ಪುರಸೊತ್ತಿರಲಿಲ್ಲ.

ಆ ಗಡ್ಡಿಯ ಕತೆ ಮುಂದೆ ಏನಾಯಿತೆಂದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಸ್ಮಾರಕಗಳ ಕಾಯ್ದೆಯ ರಕ್ಷಿತ ಪ್ರದೇಶದಲ್ಲಿ ರೆಸಾರ್ಟುಗಳು ಎದ್ದವು, ವ್ಯಾಜ್ಯ ಕೋರ್ಟಿಗೆ ಹೋಯಿತು. 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಅಲ್ಲೇ ಸಿಕ್ಕಿಕೊಂಡು, ದೋಣಿ ಹೆಲಿಕಾಪ್ಟರ್ ತಂದು ಅವರನ್ನು ಹೊರತೆಗೆಯಬೇಕಾಯಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಬಂದು ಕಟ್ಟಡಗಳನ್ನು ಕೆಡವಿದವು. ಸರಿ ತಪ್ಪಿನ ಮಾತನ್ನು ಕೋರ್ಟು ಮುಗಿಸಿದೆ, ನಾನು ಅದಕ್ಕೆ ಹೋಗುವುದಿಲ್ಲ. ರೈತನಾಗಿ ನನ್ನ ಮಾತು ಇಷ್ಟೇ. ಗದ್ದೆಗೆ ಸಿಮೆಂಟು ಬಿದ್ದರೆ ಅದನ್ನು ಮತ್ತೆ ಗದ್ದೆ ಮಾಡುವುದು ಹುಡುಗಾಟವಲ್ಲ. ಪ್ರವಾಸಿಗರು ಬರುತ್ತಾರೆಂದು ಭೂಮಿಯನ್ನು ಪರರ ಕೈಗೆ ಕೊಡುವ ಆಸೆ ನಮ್ಮ ಸೀಮೆಯಲ್ಲಿ ಇನ್ನೂ ಹೋಗಿಲ್ಲ. ಆ ದಾರಿ ಬೇಡ. ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಮೊದಲು, ನನ್ನ ತಲೆಯಲ್ಲಿ ರಜೆಯ ಹುಳ ಬಿಟ್ಟವನು ಯಾರೆಂದು ಹೇಳಬೇಕು. ನನ್ನ ಮಗ. ಐಟಿಐ ಮುಗಿಸಿ ಒಂದು ವರ್ಷ ನನ್ನ ಜತೆ ಹೊಲದಲ್ಲಿ ದುಡಿದ. ಕೆಲಸದಲ್ಲಿ ಚುರುಕು. ಈಗ ತೋರಣಗಲ್ಲಿನ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವ ಯೋಚನೆ ಮಾಡುತ್ತಿದ್ದಾನೆ. ಗುತ್ತಿಗೆದಾರರ ಕೆಳಗಿನ ಕೆಲಸ, ಸಿಗುವ ಪಗಾರ ಏನೂ ದೊಡ್ಡದಲ್ಲ. ಒಂದು ರಾತ್ರಿ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ತೋರಿಸಿದೆ. ಬಾಳೆ ಬೆಲೆ ಮಧ್ಯಮ ಇದ್ದರೂ ಮನೆ ಊಟ, ಮನೆ ಹಾಲು ಸೇರಿಸಿದರೆ ಹೊಲವೇ ಮೇಲು. ಅವನು ಲೆಕ್ಕ ಒಪ್ಪಿಕೊಂಡ. ಆಮೇಲೆ ಅಂದ: "ಅಪ್ಪಾ, ಅಲ್ಲಿ ವಾರಕ್ಕೊಂದು ದಿನ ರಜಾ ಐತಿ. ಇಲ್ಲಿ ನೀನು ಯಾವತ್ತು ರಜಾ ಮಾಡಿದ್ದು ನಾ ನೋಡಿಲ್ಲ. ನಿನ್ನಂಗ ನಾನೂ ಅರವತ್ತು ವರ್ಷ ಆಗೋ ತನಕ ಹಿಂಗ ಇರಬೇಕಾ?"

ನನ್ನ ಬಾಯಿ ಕಟ್ಟಿಹೋಯಿತು. ಹಳ್ಳಿ ಹುಡುಗರು ಕೃಷಿ ಬಿಡುವುದು ಆದಾಯ ಇಲ್ಲವೆಂದೇ ಅಂತ ನಾವು ನಂಬಿದ್ದೇವೆ. ಅದು ಅರ್ಧ ನಿಜ. ಉಳಿದರ್ಧ, ಈ ಬಿಡುವಿಲ್ಲದ ಬಾಳು. ಹೆಣ್ಣು ಕೊಡುವವರೂ ಇದನ್ನೇ ನೋಡುತ್ತಾರೆ. "ಹುಡುಗ ಒಳ್ಳೇನು, ಹೊಲ ಐತಿ, ಆದ್ರ ನಮ್ಮ ಹುಡುಗಿ ದಿನಾ ಬೆಳಗಾದ್ರ ಸಗಣಿ ಬಾಚಬೇಕಲ್ಲ" ಎಂದು ಬಾಯಿಬಿಟ್ಟು ಹೇಳಿದವರನ್ನು ಕಂಡಿದ್ದೇನೆ. ನಾಲ್ಕು ದಿನ ಬಿಟ್ಟುಹೋಗಲು ಆಗದ ಹೊಲವನ್ನು ಮಗ ನಲವತ್ತು ವರ್ಷ ಹಿಡಿದುಕೊಂಡು ಇರಲಿ ಎಂದು ಹೇಗೆ ಕೇಳುವುದು?

ಇನ್ನು ಮನೆಯಾಕೆ. ಮದುವೆಯಾಗಿ 23 ವರ್ಷ. ಆಕೆ ಊರು ಬಿಟ್ಟು ಹೋದದ್ದು ತವರಿಗೆ, ಮದುವೆ ಮುಂಜಿಗೆ, ಹೆರಿಗೆಗೆ, ದವಾಖಾನೆಗೆ. ತವರಿಗೆ ಹೋದಾಗಲೂ ಎರಡನೇ ದಿನಕ್ಕೆ ಆಕಳ ನೆನಪಾಗಿ ವಾಪಸು. ಹೋದ ವರ್ಷ ಮೊಣಕಾಲು ನೋವೆಂದು ತೋರಿಸಿದಾಗ ಡಾಕ್ಟರು "ಒಂದು ವಾರ ವಿಶ್ರಾಂತಿ ತಗೋಬೇಕಮ್ಮ" ಅಂದರು. ಆಕೆ ನಕ್ಕಳು. ಮನೆಗೆ ಬಂದು ಸೀದಾ ಕೊಟ್ಟಿಗೆಗೆ ಹೋದಳು. ನಮಗೆ ಗಂಡಸರಿಗಾದರೂ ಚಹದಂಗಡಿ ಕಟ್ಟೆ ಇದೆ, ಸಂತೆ ಇದೆ, ಸೊಸೈಟಿ ಮೀಟಿಂಗು ಇದೆ. ಅವರಿಗೆ?

ಕಾಲುವೆ ನೀರಿನ ರೈತನಿಗೆ ಈ ಕಷ್ಟ ಒಂದು ಪಾಲು ಹೆಚ್ಚು. ಸಂಡೂರು, ಕೂಡ್ಲಿಗಿ ಕಡೆಯ ಮಳೆಯಾಶ್ರಿತ ರೈತರು ನಮ್ಮನ್ನು ನೋಡಿ ಪುಣ್ಯವಂತರು ಅನ್ನುತ್ತಾರೆ. ನಿಜ, ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ಸುಗ್ಗಿ ಮುಗಿದರೆ ಭೂಮಿ ತಾನೇ ಬಿಡುವು ಕೊಡುತ್ತದೆ. ಆ ಬಿಡುವು ಬಡವನ ಬಿಡುವು, ಗುಳೆ ಹೋಗುವ ಬಿಡುವು ಎಂಬುದೂ ಗೊತ್ತು. ನಮ್ಮ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಡ್ಯಾಮು ಕಟ್ಟಿದ ಮೇಲೂ ಅವುಗಳ ನೀರಿನ ಹಕ್ಕು ಉಳಿದುಕೊಂಡು ಬಂದಿದೆ. ವರ್ಷದ ಬಹುಪಾಲು ನೀರು ಹರಿಯುತ್ತದೆ. ನೀರು ಹರಿಯುವ ತನಕ ಬೆಳೆ, ಬೆಳೆ ಇರುವ ತನಕ ಕೆಲಸ. ಬಾಳೆಗಂತೂ ಹಬ್ಬ ಹುಣ್ಣಿಮೆ ಎಂಬುದಿಲ್ಲ.

ಹಾಗಂತ ಚಳಿಗಾಲದ ತಿರುಗಾಟ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಅಲ್ಲೇ ಊಟ. ಸಂಕ್ರಾಂತಿಗೆ ಬಂಡಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮೈಗೆ ಎಳ್ಳು ಹಚ್ಚಿ ಮಿಂದು, ಬಂಡೆಯ ಮೇಲೆ ಬುತ್ತಿ ಬಿಚ್ಚುವುದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ. ಹೊಳೆಯ ನಡುವಿನ ಗಡ್ಡಿಗೆ ಹರಿಗೋಲಿನಲ್ಲಿ ಹೋಗಿ ಬರುತ್ತಿದ್ದರು. ಈ ಹರಿಗೋಲು ಇವತ್ತಿನದಲ್ಲ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತಹ ದುಂಡನೆಯ ದೋಣಿಗಳಲ್ಲಿ ಜನ, ಕುದುರೆ, ಎತ್ತು ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ನಮ್ಮ ಕಾಲಕ್ಕೆ ಸಂಕ್ರಾಂತಿಯ ಆ ಒಂದು ದಿನವೂ ಅರ್ಧ ದಿನವಾಗಿದೆ. ಬೈಕಿನಲ್ಲಿ ಹೋಗಿ, ಮುಳುಗಿ, ಮಧ್ಯಾಹ್ನದ ಹಾಲು ಕರೆಯುವ ಹೊತ್ತಿಗೆ ವಾಪಸು.

ಮುಯ್ಯಿ ಪ್ರವಾಸ

ಹೋದ ಜನವರಿಯಲ್ಲಿ ಕರಾವಳಿಯ ಒಬ್ಬ ಕೃಷಿಕರು ಹೆಂಡತಿ, ಮಗಳ ಜತೆ ನಮ್ಮ ಮನೆಗೆ ಬಂದಿದ್ದರು. ಉಡುಪಿ ಸೀಮೆಯವರು. ಬಾಳೆ ಬಗ್ಗೆ ನಾನು ಬರೆದ ಪತ್ರ ಓದಿ ಫೋನು ಮಾಡಿ ಪರಿಚಯವಾದವರು. ಹಂಪಿ ನೋಡಬೇಕಿತ್ತು, ಜತೆಗೆ ನಮ್ಮ ಬಾಳೆಯನ್ನೂ. ಲಾಡ್ಜಿಗೆ ಹೋಗುತ್ತೇವೆಂದರು. ನಾನು ಬಿಡಲಿಲ್ಲ. ಎರಡು ರಾತ್ರಿ ನಮ್ಮ ಪಡಸಾಲೆಯಲ್ಲೇ ಮಲಗಿದರು. ರೊಟ್ಟಿ ಬಡಿಯುವುದನ್ನು ಅವರ ಮನೆಯವರು ಬಗ್ಗಿ ಬಗ್ಗಿ ನೋಡಿದರು, ತಾವೂ ಬಡಿದರು. ಮೂರು ರೊಟ್ಟಿ ಭಾರತದ ನಕಾಶೆಯಂತೆ ಬಂದವು. ನಮ್ಮೂರ ಸೂಳೆ ಬಾವಿಯ ಕಲ್ಲಿನ ಕಟ್ಟಡ ನೋಡಿ ಅವರು ನಿಂತ ಜಾಗದಿಂದ ಕದಲಲಿಲ್ಲ. ನಾವು ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇವೆ. ಹೊರಡುವಾಗ ಅಂದರು: "ನೀವೊಮ್ಮೆ ನಮ್ಮ ಕುದ್ರುವಿಗೆ ಬರ್ಲೇಬೇಕು ಮಾರಾಯ್ರೆ. ಇಲ್ಲದಿದ್ರೆ ನಾವು ಉಂಡದ್ದು ಸಾಲ ಆಗ್ತದೆ."

ಕುದ್ರು ಅಂದರೆ ಏನೆಂದು ಆವತ್ತೇ ತಿಳಿದದ್ದು. ನಾವು ಗಡ್ಡಿ ಅನ್ನುವುದನ್ನೇ ಉಡುಪಿ, ಕುಂದಾಪುರದ ಕಡೆ ಕುದ್ರು ಅನ್ನುತ್ತಾರೆ. ಕುಮಟಾ, ಹೊನ್ನಾವರದ ಕಡೆ ಕುರ್ವೆ. ನದಿ ಸಮುದ್ರ ಸೇರುವ ಮುಂಚೆ ನಿಧಾನವಾಗಿ ಹರಡಿಕೊಳ್ಳುವ ಕಡೆ ಮಣ್ಣು ಮರಳು ನಿಂತು ಆದ ನಡುಗಡ್ಡೆಗಳು. ಇವರದು ಸ್ವರ್ಣಾ ನದಿಯ ಒಂದು ಕುದ್ರು. ತೆಂಗು, ಒಂದಿಷ್ಟು ಗದ್ದೆ, ಮನೆಗೊಂದು ಚಿಕ್ಕ ದೋಣಿ. ಅದೇ ಸೀಮೆಯ ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆ ಇದೆ, ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಇವರ ಕುದ್ರುವಿನಲ್ಲಿ ನೋಡುವಂಥದ್ದು ಏನೂ ಇಲ್ಲವಂತೆ. "ರಾತ್ರಿ ಎಂಟರ ಮೇಲೆ ನೀರಿನ ಸದ್ದು, ನಾಯಿ ಬೊಗಳಿದ್ದು, ಅಷ್ಟೇ" ಅಂದರು. ನಮಗೆ ಬೇಕಾದದ್ದೂ ಅಷ್ಟೇ.

ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು, ಅವರು ನಮ್ಮ ಹೊಲಕ್ಕೆ ಬಂದು ದುಡಿದು ತೀರಿಸುವ ಮುಯ್ಯಿ ನಮ್ಮಲ್ಲಿ ಹಿಂದಿನಿಂದ ಇದೆ. ಮದುವೆಯಲ್ಲೂ ಮುಯ್ಯಿ ಇದೆ. ಪ್ರವಾಸದಲ್ಲಿ ಯಾಕೆ ಇರಬಾರದು? ಬಯಲುಸೀಮೆಯ ಕೃಷಿಕ ಕರಾವಳಿಯ ಕೃಷಿಕನ ಮನೆಗೆ, ಅವನು ಇವನ ಮನೆಗೆ. ದುಡ್ಡು ತೆಗೆದುಕೊಂಡು ಇಟ್ಟುಕೊಂಡರೆ ಅದು ಹೋಂಸ್ಟೇ. ಅದಕ್ಕೆ ನೋಂದಣಿ, ಅನುಮತಿ ಎಲ್ಲ ಬೇಕು, ನಮ್ಮ ಹಂಪಿ ಸುತ್ತಿನಲ್ಲಂತೂ ಇನ್ನೂ ಬಿಗಿ. ಅದನ್ನು ಮಾಡುವವರು ಮಾಡಲಿ. ನಾನು ಹೇಳುತ್ತಿರುವುದು ಬೀಗರು ಬಂದು ಹೋದಂತೆ. ಉಣ್ಣುವುದು ಮನೆಯವರು ಉಂಡದ್ದೇ, ಮಲಗುವುದು ಮನೆಯವರು ಮಲಗುವ ಕಡೆಯೇ. ಬಂದವರಿಗೆಂದು ಕೋಣೆ ಕಟ್ಟಿಸಬೇಕಿಲ್ಲ, ಗದ್ದೆ ಮಾರಬೇಕಿಲ್ಲ. ಗಡ್ಡಿಯ ಕತೆ ಹೇಳುವಾಗ ಬೇರೆ ದಾರಿ ಅಂದದ್ದು ಇದನ್ನೇ.

ಹೊರಡುವುದು ಹೇಗೆ?

ಬೆಳೆಗೆ ಮಾಡುವಷ್ಟೇ ಮುಂದಾಲೋಚನೆ ಇದಕ್ಕೂ ಬೇಕೆಂದು ಈಗ ಗೊತ್ತಾಗುತ್ತಿದೆ. ಮೊದಲನೆಯದು ತಾರೀಖು. ನಮಗೆ ತಾರೀಖು ಕೊಡುವುದು ಕ್ಯಾಲೆಂಡರ್ ಅಲ್ಲ, ಕಾಲುವೆ. ಹೂಳು ತೆಗೆಯಲು, ದುರಸ್ತಿಗೆಂದು ಚಳಿಗಾಲದಲ್ಲಿ ಕೆಲವು ದಿನ ಕಾಲುವೆ ಬಂದ್ ಮಾಡುವುದುಂಟು. ಯಾವಾಗ, ಎಷ್ಟು ದಿನ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಡ್ಯಾಮಿನ ಗೇಟಿನ ಕೆಲಸ ಬಂದರೆ ಅದೂ ಹಿಂದೆ ಮುಂದೆ. ಇಷ್ಟು ವರ್ಷ ಕಾಲುವೆ ಬಂದ್ ಅಂದರೆ ನಮಗೆ ಗೊಣಗಾಟದ ದಿನ. ಈಗ ನನಗನಿಸುತ್ತದೆ, ನಮ್ಮ ರಜೆಯ ಅರ್ಜಿಯನ್ನು ಕಾಲುವೆಯೇ ಮಂಜೂರು ಮಾಡಿಟ್ಟಿದೆ, ನಾವು ತೆಗೆದುಕೊಂಡಿಲ್ಲ ಅಷ್ಟೇ. ಬಂದ್ ಆಗುವ ಮುಂಚೆ ಬಾಳೆಗೆ ಒಂದು ಒಳ್ಳೆಯ ನೀರು ಕೊಟ್ಟು, ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ನಮ್ಮ ಕರಿ ಮಣ್ಣಿನಲ್ಲಿ ಚಳಿಗಾಲದಲ್ಲಿ ಒಂದು ವಾರ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಈ ಧೈರ್ಯ ಮಾಡಬಾರದು. ಗೊನೆ ಬಲಿತ ಗಿಡಗಳಿಗೆ ಆಸರೆ ಕೋಲು ಮೊದಲೇ ಕೊಟ್ಟಿರಬೇಕು. ದಲ್ಲಾಳಿಗೆ "ಈ ನಾಲ್ಕು ದಿನ ಕಡಿಯೋದಿಲ್ಲ" ಎಂದು ಮುಂಚೆಯೇ ಹೇಳಿಟ್ಟರೆ ಅವನೂ ಹೊಂದಿಸಿಕೊಳ್ಳುತ್ತಾನೆ.

ಕಬ್ಬಿನದೇ ತಲೆನೋವು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಮ್ಮ ಕಬ್ಬು ದೂರದ ಕಾರ್ಖಾನೆಗೆ, ಇಲ್ಲವೇ ಬೆಲ್ಲದ ಗಾಣಕ್ಕೆ. ಕಡಿಯುವ ಗ್ಯಾಂಗು ಯಾವ ದಿನ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಅದಕ್ಕೆ ಕಾಯುತ್ತಾ ಕೂತರೆ ರಜೆ ಮುಂದಿನ ಜನ್ಮಕ್ಕೆ. ಅದಕ್ಕಾಗಿ ನನ್ನ ತಮ್ಮನ ಜತೆ ಒಪ್ಪಂದ: ನಾನಿಲ್ಲದಾಗ ಗ್ಯಾಂಗು ಬಂದರೆ ಅವನು ನಿಂತು ಕಡಿಸುತ್ತಾನೆ, ಫೆಬ್ರವರಿಯಲ್ಲಿ ಅವನು ಶ್ರೀಶೈಲಕ್ಕೆ ಹೋದಾಗ ಅವನ ಹೊಲ ನನ್ನದು. ರಾತ್ರಿ ಕಾವಲು ಕೂಡ ಅವನೇ. ಹಂಪಿ ಸುತ್ತಿನ ಕೋತಿಗಳ ಕಾಟ ಹಗಲು, ಹಂದಿ ಮತ್ತು ಕರಡಿಯ ಭಯ ರಾತ್ರಿ. ಬಿಟ್ಟುಹೋದರೆ ಏನಾಗುತ್ತದೆಂದು ಈ ಸೀಮೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಆಕಳ ವ್ಯವಸ್ಥೆ ಮನೆಯಾಕೆಯದು. "ನಾನು ಹೋದ್ರ ದನಕ್ಕ ಯಾರು ನೋಡ್ತಾರ?" ಎಂಬ ಪ್ರಶ್ನೆ ಮೊದಲ ವಾರ ದಿನಕ್ಕೆ ಮೂರು ಸಲ ಬಂತು. ಪಕ್ಕದ ಮನೆಯಾಕೆ ಕರೆಯಲು ಒಪ್ಪಿದ್ದಾರೆ. ಆ ನಾಲ್ಕು ದಿನ ಡೇರಿಗೆ ಹಾಕಿದ ಹಾಲಿನ ದುಡ್ಡು ಅವರಿಗೇ. ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು, ಮೊಗಮಾಟ ಮಾಡಬಾರದು. ಇನ್ನೊಂದು ಸಂಗತಿ: ಒಂದೇ ಕೈಗೆ ರೂಢಿಯಾದ ಆಕಳು ಬೇರೆ ಕೈ ತಾಕಿದರೆ ಹಾಲು ಮೇಲಕ್ಕೆಳೆದುಕೊಳ್ಳುತ್ತದೆ. ಹದಿನೈದು ದಿನ ಮುಂಚಿನಿಂದಲೇ ದಿನಕ್ಕೊಂದು ಹೊತ್ತು ಅವರ ಕೈಲಿ ಕರೆಸಿ ರೂಢಿ ಮಾಡಿಸಬೇಕು.

ಖರ್ಚಿನ ಲೆಕ್ಕ ಕೇಳುವವರಿಗೆ. ನಾವು ನಾಲ್ವರು: ನಾನು, ಮನೆಯಾಕೆ, ಮಗ, ಅವ್ವ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹಾಗಾಗಿ ಮಲಗುವ ಸೀಟಿನ ಬಸ್ಸು ಬಿಟ್ಟು ಹಗಲಿನ ಕೆಂಪು ಬಸ್ಸು. ಹರಿಹರ, ಶಿವಮೊಗ್ಗದಲ್ಲಿ ಇಳಿದು ಹತ್ತಿ ಹೋಗುವುದು. ಒಂದು ದಿನ ದಾರಿಯಲ್ಲೇ ಹೋಗುತ್ತದೆ ನಿಜ, ಆದರೆ ಘಟ್ಟವನ್ನು ಹಗಲು ನೋಡಿದಂತಾಗುತ್ತದೆ. ಘಟ್ಟ ಇಳಿದ ಮೇಲೆ ಖಾಸಗಿ ಬಸ್ಸೇ ಹೆಚ್ಚಂತೆ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಗಂಡಸರ ಟಿಕೆಟ್ಟು, ದಾರಿಯ ಚಹ ತಿಂಡಿ, ದೋಣಿ ಚೀಟಿಗೆಂದು 1,500, ಕೈಖರ್ಚು ಎಲ್ಲ ಸೇರಿ 7,000 ರೂಪಾಯಿ ಬೇರೆ ತೆಗೆದಿಟ್ಟಿದ್ದೇನೆ. ಸಾಲ ಮಾಡಿ ಹೋಗುವುದಾದರೆ ಹೋಗಬೇಡಿ ಎಂದೇ ಹೇಳುತ್ತೇನೆ. ಆದರೆ ಒಂದು ಸಾಧಾರಣ ಮದುವೆಗೆ ಆಯೇರಿ, ಓಡಾಟ, ಬಟ್ಟೆ ಎಂದು ನಾವು ಎಷ್ಟು ಖರ್ಚು ಮಾಡುತ್ತೇವೆ ಎಂದು ಲೆಕ್ಕ ಇಟ್ಟವರು ಯಾರು? ಬರಿಗೈಲಿ ಹೋಗುವ ಹಾಗಿಲ್ಲವಲ್ಲ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಗೊನೆ ಬಾಳೆ ಕಟ್ಟಿಕೊಂಡು ಹೋಗುತ್ತೇವೆ.

ದಿನ ಆರಿಸುವಾಗ ನಮಗೊಂದು ಅನುಕೂಲ ಇದೆ. ನೌಕರಿಯವರು ಶನಿವಾರ ಭಾನುವಾರ ನೋಡಬೇಕು, ಕ್ರಿಸ್‌ಮಸ್ ರಜೆ ನೋಡಬೇಕು. ಎಲ್ಲರೂ ಒಂದೇ ದಿನ ಹೊರಟರೆ ಯಾವ ದ್ವೀಪದಲ್ಲೂ ಶಾಂತಿ ಸಿಗುವುದಿಲ್ಲ. ವರ್ಷದ ಕೊನೆಯ ವಾರ ಹಂಪಿಯ ಗದ್ದಲ ನೋಡಿದವರಿಗೆ ಹೇಳಬೇಕಿಲ್ಲ. ಭಾನುವಾರವೇ ಇಲ್ಲದ ನಾವು ಸೋಮವಾರ ಹೊರಟು ಶುಕ್ರವಾರ ವಾಪಸಾಗಬಹುದು.

ಒಂದು ದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು ಮಗನ ಆಸೆ. ಅಲ್ಲಿ ರಾತ್ರಿ ಇರಲು ಬಿಡುವುದಿಲ್ಲ, ದೋಣಿಯಲ್ಲಿ ಹೋಗಿ ಅದರಲ್ಲೇ ಬರಬೇಕು, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಬೆಂಕಿಬೆಟ್ಟದ ಲಾವಾ ತಣ್ಣಗಾಗುವಾಗ ಕಡಿದಿಟ್ಟ ಕಂಬಗಳಂತೆ ನಿಂತ ಕಲ್ಲುಗಳಿವೆ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಸರಿಯುತ್ತಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು ಎನ್ನುತ್ತಾರೆ ಭೂವಿಜ್ಞಾನಿಗಳು. ಹಂಪಿಯ ಬಂಡೆ ಸುಮಾರು 250 ಕೋಟಿ ವರ್ಷದ್ದು. ಆ ಲೆಕ್ಕದಲ್ಲಿ ನಾವು ನೋಡಹೊರಟಿರುವುದು ಎಳೆಯ ಕಲ್ಲನ್ನು!

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯ ಹಳ್ಳಿಯವರು, ನಮ್ಮಂಥ ಬಯಲುಸೀಮೆಯವರು. ದೋಣಿಗೆ ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ನಾವು ಕಾಲುವೆಯಲ್ಲಿ ಈಜು ಕಲಿತವರು, ಸಮುದ್ರ ಬೇರೆ. ಟೆಂಪೋದಲ್ಲಿ ಒತ್ತಿಕೊಂಡು ಕೂತಂತೆ ದೋಣಿಯಲ್ಲಿ ಕೂರುವಂತಿಲ್ಲ. ಜೀವರಕ್ಷಕ ಜಾಕೀಟು ಕೊಡದ ದೋಣಿಯನ್ನು ಹತ್ತುವುದಿಲ್ಲ, ಜನ ಹೆಚ್ಚಾದರೆ ಇಳಿದುಬಿಡುವುದು ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ಕುದ್ರುವಿನ ಚಿಕ್ಕ ದೋಣಿಗೂ ಇದೇ ಕಟ್ಟಳೆ. ಅತಿಥಿಗೆ ಸಂಕೋಚ ಇರಬಹುದು, ನೀರಿಗೆ ಇಲ್ಲ.

"ಅಲ್ಲಿ ಹೋಗಿ ಏನ್ ಮಾಡ್ತೀರಿ?" ಎಂದು ಕೇಳುವವರಿದ್ದಾರೆ. ಏನೂ ಮಾಡುವುದಿಲ್ಲ ಎಂದರೆ ನಂಬುವುದಿಲ್ಲ. ಸರಿ, ಒಂದು ಕೆಲಸ ಇದೆ. ನದಿಯಲ್ಲಿ ನೀರು ಇಳಿದಂತೆ ಸಮುದ್ರದ ಉಬ್ಬರದ ಜತೆ ಉಪ್ಪುನೀರು ಮೇಲೇರಿ ಬರುತ್ತದಂತೆ, ಅದನ್ನು ತಡೆಯಲು ಅವರು ಕಟ್ಟ ಕಟ್ಟುತ್ತಾರೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನೇ ಬೆಳೆಯುತ್ತಾರೆ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೆಚ್ಚು ನೀರು ಬಿಟ್ಟು ಬಿಟ್ಟು ಭೂಮಿ ಸವಳಾದದ್ದು ಎಲ್ಲರಿಗೂ ಗೊತ್ತು. ಅವರಿಗೆ ಉಪ್ಪು ಹೊರಗಿನಿಂದ ಬರುವುದು, ನಮಗೆ ಕೆಳಗಿನಿಂದ ಏಳುವುದು. ಅವರು ಅದರ ಜತೆ ಹೇಗೆ ಬಾಳುತ್ತಾರೆಂದು ನೋಡಿದರೆ ಒಂದಿಷ್ಟು ಕಲಿತ ಹಾಗೂ ಆಯಿತು. ಆದರೆ ಇದನ್ನು ಅಧ್ಯಯನ ಪ್ರವಾಸ ಅನ್ನಲು ನನಗೆ ಮನಸ್ಸಿಲ್ಲ. ರೈತ ಎಲ್ಲಿಗೆ ಹೋದರೂ ಅದಕ್ಕೆ ಕೃಷಿಯ ನೆಪ ಬೇಕೆಂಬುದೇ ನನ್ನ ತಕರಾರು. ಹೆಂಡತಿ ಹೊಳೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಒಂದು ಸಂಜೆ ಕೂರಬೇಕು, ಆ ಹೊತ್ತಿಗೆ ಯಾವ ಆಕಳೂ ಕೂಗಬಾರದು. ಇದಕ್ಕೆ ಯಾವ ನೆಪ ಬೇಕು?

ಈ ಪತ್ರಿಕೆ ಓದುವವರಲ್ಲಿ ಕರಾವಳಿ, ಮಲೆನಾಡಿನವರು ಬಹಳ ಮಂದಿ ಇದ್ದೀರಿ. ಹಂಪಿ ನೋಡಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿರುತ್ತೀರಿ, ಅಡಿಕೆ ಕೊಯ್ಲು, ಮದ್ದು ಬಿಡುವುದು ಎಂದು ಮುಂದೆ ಹಾಕಿರುತ್ತೀರಿ. ನಿಮ್ಮ ಬಿಡುವು ಮಳೆಗಾಲದ ಕೊನೆಗೆ ಇದ್ದರೆ ಆಗ ಬನ್ನಿ; ಹೊಳೆ ತುಂಬಿರುತ್ತದೆ, ಹರಿಗೋಲು ಇರುವುದಿಲ್ಲ, ಗುಡಿಗಳು ಇದ್ದೇ ಇರುತ್ತವೆ. ನಮ್ಮ ಊರಿನಲ್ಲಿ ಇನ್ನೂ ಮೂರು ಮನೆಯವರು ಮುಯ್ಯಿಗೆ ತಯಾರಿದ್ದಾರೆ. ಊಟ ರೊಟ್ಟಿ, ಜೋಳ. ಅನ್ನವೂ ಸಿಗುತ್ತದೆ, ಕುಚ್ಚಲಕ್ಕಿ ಮಾತ್ರ ನೀವೇ ತರಬೇಕು. ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಜಾಗ, ಯಾವ ತಿಂಗಳು ಬಿಡುವು ಎಂದು ಸಂಪಾದಕರು ಒಂದು ಪುಟ ಬಿಟ್ಟುಕೊಟ್ಟರೆ ಆಗದ ಕೆಲಸವೇನಲ್ಲ.

ಸದ್ಯಕ್ಕೆ ನಮ್ಮ ಮನೆಯಲ್ಲಿ ತೀರ್ಮಾನವಾಗದೆ ಉಳಿದಿರುವುದು ಅವ್ವನ ವಿಚಾರ. ಎಪ್ಪತ್ತೆರಡು ವರ್ಷ. ಸಮುದ್ರ ನೋಡಿಲ್ಲ. "ನೀವು ಹೋಗ್ರಿ, ನಾ ಮನಿ ಕಾಯ್ತೀನಿ" ಅನ್ನುತ್ತಾಳೆ. ಮರುದಿನ "ಅಲ್ಲಿ ದೋಣಿ ಏರೂದು ಎಷ್ಟು ಎತ್ತರ ಇರ್ತದ?" ಎಂದು ಮಗನನ್ನು ಕೇಳುತ್ತಾಳೆ. ಅವನು ಗದ್ದೆಯ ಬದುವಿನ ಎತ್ತರ ತೋರಿಸಿದ್ದಾನೆ. ಆಕಳದು ಮಾತ್ರ ಬಗೆಹರಿದಂತೆ. ಪಕ್ಕದ ಮನೆಯಾಕೆ ಕರೆಯಲು ಶುರುಮಾಡಿ ಇವತ್ತಿಗೆ ಒಂಬತ್ತು ದಿನ. ಮೊದಲೆರಡು ದಿನ ಅರ್ಧ ಲೀಟರು ಕಡಿಮೆ ಬಂತು, ಒಂದು ಸಲ ಬಕೆಟ್ಟು ಒದೆಯಿತು. ನಿನ್ನೆಯಿಂದ ಅಳತೆ ಸರಿಯಾಗಿದೆ.